ತೊಳೆದ ಗಡಿಗೆ, ಉಳಿದ ಹೆಪ್ಪು

ಬೋಧನಾಭ್ಯಾಸಕ್ಕೆಂದು ನಾವು ಐದು ಜನ ಪ್ರಶಿಕ್ಷಣಾರ್ಥಿಗಳು ಮೊಳಕಾಲ್ಮೂರು ತಾಲ್ಲೂಕಿನ ರಾಂಪುರದ ಒಂದು ಪ್ರೌಢಶಾಲೆಗೆ ಹೋಗಿದ್ದೆವು. ಬಳ್ಳಾರಿ–ಚಳ್ಳಕೆರೆ ರಸ್ತೆಯ ಮೇಲಿರುವ ಊರು. ಸುತ್ತ ಶೇಂಗಾ ಹೊಲಗಳು. ಮಕ್ಕಳಲ್ಲಿ ಹಲವರು ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಮಾತಾಡುವವರು. ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿದ್ದ ನನಗೆ ಎಂಟನೇ ತರಗತಿಯ ವಿಜ್ಞಾನ ಕೊಟ್ಟರು. ಪಾಠ: ಸೂಕ್ಷ್ಮಜೀವಿಗಳು, ಮಿತ್ರ ಮತ್ತು ಶತ್ರು.

ಆ ಪಾಠದಲ್ಲಿ ನಾನು ಹೇಳಿದ ಒಂದು ವಾಕ್ಯ ತರಗತಿಯಿಂದ ಹೊರಗೆ ಹೋಗಿ ಒಂದು ಮನೆಯಲ್ಲಿ ಏನು ಮಾಡಿತು, ಅದನ್ನು ಸರಿಪಡಿಸಲು ನಾನು ಏನೇನು ಓದಬೇಕಾಯಿತು ಎಂಬುದೇ ಈ ಬರಹ. ಯಶಸ್ಸಿನ ಕಥೆ ಬರೆಯಬೇಕೆಂದುಕೊಂಡಿದ್ದೆ. ತಪ್ಪಿನ ಕಥೆ ಬರೆದರೆ ಮುಂದಿನ ತಂಡದವರಿಗೆ ಹೆಚ್ಚು ಉಪಯೋಗವಾದೀತು ಎಂದು ಆಮೇಲೆ ಅನ್ನಿಸಿತು.

ಆ ದಿನದ ಪಾಠ

ಪೀಠಿಕೆಗೆ ಎಲ್ಲರೂ ಮಾಡುವಂತೆ ಮೊಸರಿನ ಪ್ರಶ್ನೆಯನ್ನೇ ಇಟ್ಟುಕೊಂಡಿದ್ದೆ. ‘ರಾತ್ರಿ ಹಾಲಿಗೆ ಅಮ್ಮ ಏನು ಹಾಕುತ್ತಾರೆ?’ ಎಂದರೆ ‘ಹೆಪ್ಪು’ ಎಂದು ಇಡೀ ತರಗತಿ ಕೂಗಿತು. ಅಲ್ಲಿಂದ ಲ್ಯಾಕ್ಟೋಬ್ಯಾಸಿಲಸ್, ಅಲ್ಲಿಂದ ನಮ್ಮ ಹೊಟ್ಟೆಯ ಬ್ಯಾಕ್ಟೀರಿಯಗಳು. ‘ಬ್ಯಾಕ್ಟೀರಿಯ ಅಂದರೆ ಹೊಟ್ಟೆಹುಳವಾ ಮಿಸ್?’ ಎಂದು ಒಬ್ಬ ಹುಡುಗ ಕೇಳಿದ. ಶಾಲೆಯಲ್ಲಿ ಜಂತುಹುಳು ನಿವಾರಣಾ ದಿನದಂದು ಕೊಡುವ 400 ಮಿಲಿಗ್ರಾಂ ಅಲ್ಬೆಂಡಜೋಲ್ ಮಾತ್ರೆ ಎಲ್ಲರಿಗೂ ಗೊತ್ತು. ಜಂತುಹುಳು ಕಣ್ಣಿಗೆ ಕಾಣುವ ಪ್ರಾಣಿ, ಬ್ಯಾಕ್ಟೀರಿಯ ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವ ಏಕಕೋಶ ಜೀವಿ ಎಂದು ಬೇರ್ಪಡಿಸಿ ಹೇಳಿದೆ. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿಯೇ ಇತ್ತು.

ಆಮೇಲೆ ತರಗತಿಗೆ ಜೀವ ತುಂಬಬೇಕೆನಿಸಿತು. ಅದಕ್ಕೆ ಒಂದು ತಿಂಗಳ ಹಿಂದೆ ನಮ್ಮ ಅಪ್ಪನಿಗೆ ಕೊಲೊನೋಸ್ಕೋಪಿ ಆಗಿತ್ತು. ತುದಿಯಲ್ಲಿ ಕ್ಯಾಮೆರಾ ಇರುವ ಬಳುಕುವ ಕೊಳವೆಯನ್ನು ಗುದದ್ವಾರದಿಂದ ಒಳಗೆ ತೂರಿಸಿ ದೊಡ್ಡಕರುಳನ್ನು ನೋಡುವ ಪರೀಕ್ಷೆ ಅದು. ಕರುಳಿನಲ್ಲಿ ಮಲ ಇದ್ದರೆ ಕ್ಯಾಮೆರಾಕ್ಕೆ ಏನೂ ಕಾಣುವುದಿಲ್ಲ. ಹಾಗಾಗಿ ಮೊದಲೇ ಕರುಳನ್ನು ಖಾಲಿ ಮಾಡಬೇಕು. ಪುಡಿಯನ್ನು ನೀರಿಗೆ ಕಲಸಿ ಲೋಟಕ್ಕೆ ಹೊಯ್ದು ಕೊಟ್ಟವಳು ನಾನೇ. ಎರಡು ಲೀಟರ್ ಕುಡಿಯುವಷ್ಟರಲ್ಲಿ ಅಪ್ಪ ಮುಖ ಹಿಂಡಿದ್ದು, ರಾತ್ರಿಯಿಡೀ ಬಚ್ಚಲುಮನೆಗೆ ಓಡಾಡಿದ್ದು, ಕೊನೆಗೆ ಬರಿ ತಿಳಿನೀರು ಹೋದದ್ದು ಎಲ್ಲ ನನಗೆ ನೆನಪಿತ್ತು. ಅದನ್ನು ಮಕ್ಕಳಿಗೆ ಹೇಳಿದೆ. ಮಕ್ಕಳು ನಕ್ಕರು, ನಾನೂ ನಕ್ಕೆ. ನಗು ನಿಲ್ಲುವಷ್ಟರಲ್ಲಿ ಹೀಗೆಂದೆ:

‘ಆ ಔಷಧ ಕುಡಿದರೆ ಹೊಟ್ಟೆಯೊಳಗಿನ ಬ್ಯಾಕ್ಟೀರಿಯ ಎಲ್ಲಾ ಸತ್ತು ಹೋಗುತ್ತವೆ. ಕೆಟ್ಟವೂ ಹೋಗುತ್ತವೆ, ನಮ್ಮ ಮಿತ್ರರೂ ಹೋಗುತ್ತಾರೆ. ತೊಳೆದಿಟ್ಟ ಗಡಿಗೆ ಥರ ಖಾಲಿ! ಮತ್ತೆ ಮೊಸರು ತಿಂದು ತುಂಬಿಸಿಕೊಳ್ಳಬೇಕು.’

ಮಕ್ಕಳ ಕಣ್ಣು ಅರಳಿದವು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಸಹಪಾಠಿ ಅವಲೋಕನ ಪುಸ್ತಕದಲ್ಲಿ ‘ನಿಜಜೀವನದ ಉದಾಹರಣೆ ಪರಿಣಾಮಕಾರಿ’ ಎಂದು ಬರೆದಳು. ಆ ಒಂದು ಮಾತಿನಲ್ಲಿ ಎಷ್ಟು ತಪ್ಪುಗಳಿವೆ ಎಂದು ನಾವಿಬ್ಬರೂ ಎಣಿಸಲಿಲ್ಲ.

ಮೂರನೆಯ ದಿನ

ಮೂರನೆಯ ದಿನ ಊಟದ ಬಿಡುವಿನಲ್ಲಿ ಒಬ್ಬ ಹುಡುಗಿ ಸಿಬ್ಬಂದಿ ಕೊಠಡಿಯ ಬಾಗಿಲಲ್ಲಿ ನಿಂತಳು. ತರಗತಿಯಲ್ಲಿ ಹೆಚ್ಚು ಮಾತಾಡದ ಮಗು. ಒಳಗೆ ಕರೆದರೂ ಬರಲಿಲ್ಲ. ನಾನೇ ಹೊರಗೆ ಹೋದೆ.

‘ಮಿಸ್, ನಮ್ ತಾತ ಬಳ್ಳಾರಿಗೆ ಹೋಗಲ್ಲ ಅಂತಾನೆ.’

‘ಯಾಕಮ್ಮ?’

‘ಎರಡಕ್ಕೆ ಹೋದಾಗ ರಕ್ತ ಬೀಳ್ತೈತೆ ಅವನಿಗೆ. ಡಾಕ್ಟ್ರು ನಿಮ್ಮಪ್ಪಾರಿಗೆ ಮಾಡಿದ್ರಲ್ಲ, ಅದನ್ನೇ ಮಾಡಿಸ್ಬೇಕು ಅಂದವ್ರೆ. ನೀವು ಹೇಳಿದ್ದು ಮನೇಲಿ ಹೇಳಿದೆ. ಹೊಟ್ಟೇಲಿರೋ ಒಳ್ಳೇದೆಲ್ಲ ಸತ್ತೋಗುತ್ತಂತೆ, ನಾನ್ ಕುಡಿಯಲ್ಲ ಅಂತ ಕುಂತವ್ನೆ. ಅಪ್ಪ ನನ್ನ ಬೈದ.’

ಆ ಹುಡುಗಿ ತಪ್ಪೇನೂ ಮಾಡಿರಲಿಲ್ಲ. ಶಾಲೆಯಲ್ಲಿ ಕಲಿತದ್ದನ್ನು ಮನೆಗೆ ಒಯ್ದು ಹೇಳಿದ್ದಳು. ಕಲಿಕೆ ತರಗತಿಯಾಚೆ ಹೋಗಬೇಕು ಎಂದು ಪ್ರತಿ ಪಾಠಯೋಜನೆಯಲ್ಲೂ ನಾವು ಬರೆಯುತ್ತೇವಲ್ಲ, ಅದನ್ನೇ ಮಾಡಿದ್ದಳು. ಬೈಸಿಕೊಳ್ಳಬೇಕಾದವಳು ನಾನು.

ಅಂದು ಸಂಜೆ ನಮ್ಮ ಮೇಲ್ವಿಚಾರಕ ಉಪನ್ಯಾಸಕರಿಗೆ ಎಲ್ಲವನ್ನೂ ಹೇಳಿದೆ. ಅವರು ಒಂದೇ ಪ್ರಶ್ನೆ ಕೇಳಿದರು: ‘ಎಲ್ಲಾ ಸಾಯುತ್ತವೆ ಎಂದು ಎಲ್ಲಿ ಓದಿದೆ?’ ನಾನು ಎಲ್ಲೂ ಓದಿರಲಿಲ್ಲ. ತಿಳಿನೀರು ಹೋಗುವುದನ್ನು ಕಣ್ಣಾರೆ ಕಂಡಿದ್ದೆ. ಅದರಿಂದ ಒಳಗೆ ಏನೂ ಉಳಿದಿಲ್ಲ ಎಂದು ಊಹಿಸಿದ್ದೆ. ಊಹೆಯನ್ನು ಪಾಠವಾಗಿ ಹೇಳಿದ್ದೆ. ‘ಓದಿಕೊಂಡು ಹೋಗಿ ಆ ಮನೆಯವರನ್ನು ಕಂಡು ಬಾ. ಪರೀಕ್ಷೆ ಬೇಕೋ ಬೇಡವೋ ಅನ್ನುವುದು ಡಾಕ್ಟರ ಮಾತು, ನಿನ್ನದಲ್ಲ. ನೀನು ಹೇಳಿದ್ದನ್ನು ಮಾತ್ರ ಸರಿಮಾಡಿ ಬಾ’ ಎಂದರು.

ಓದಿ ತಿಳಿದದ್ದು

ಮೊದಲ ತಪ್ಪು ‘ಸತ್ತು ಹೋಗುತ್ತವೆ’ ಎಂಬ ಮಾತಿನಲ್ಲೇ ಇತ್ತು. ಆ ಪುಡಿ ಸಾಮಾನ್ಯವಾಗಿ ಪಾಲಿಎಥಿಲೀನ್ ಗ್ಲೈಕಾಲ್ ಮತ್ತು ಕೆಲವು ಲವಣಗಳ ಮಿಶ್ರಣ. ಅದು ಆ್ಯಂಟಿಬಯಾಟಿಕ್ ಅಲ್ಲ. ಪಾಲಿಎಥಿಲೀನ್ ಗ್ಲೈಕಾಲ್‌ನ ಅಣು ದೊಡ್ಡದು. ಕರುಳು ಅದನ್ನು ಹೀರಿಕೊಳ್ಳುವುದಿಲ್ಲ. ಕುಡಿದ ನೀರನ್ನು ಅದು ತನ್ನೊಡನೆ ಹಿಡಿದಿಟ್ಟುಕೊಂಡೇ ಕರುಳಿನುದ್ದಕ್ಕೂ ಸಾಗಿಸುತ್ತದೆ. ದೇಹದ ಲವಣಗಳು ಏರುಪೇರಾಗಬಾರದೆಂದು ಜೊತೆಗೆ ಲವಣ ಸೇರಿಸಿರುತ್ತಾರೆ. ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಸಿ ತೋರಿಸುವ ಅಭಿಸರಣೆಯ ತತ್ತ್ವವೇ ಇಲ್ಲಿಯೂ ಇದೆ. ಅಂದರೆ ಈ ಔಷಧದ ಕೆಲಸ ಮುಖ್ಯವಾಗಿ ತೊಳೆಯುವುದು. ಬ್ಯಾಕ್ಟೀರಿಯಗಳು ಮಲದೊಡನೆ ಹೊರಗೆ ಹೋಗುತ್ತವೆ. ಕೊಲ್ಲುವುದು ಬೇರೆ, ಕೊಚ್ಚಿಕೊಂಡು ಹೋಗುವುದು ಬೇರೆ.

ಎರಡನೆಯ ತಪ್ಪು ‘ಎಲ್ಲಾ’ ಎಂಬ ಪದ. ಇದಕ್ಕೆ ಉತ್ತರ 2015ರಲ್ಲಿ ‘ಗಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದಲ್ಲಿ ಸಿಕ್ಕಿತು. ಜಲಂಕಾ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು 23 ಮಂದಿ ಆರೋಗ್ಯವಂತರಿಗೆ 2 ಲೀಟರ್ ಔಷಧ ಕೊಟ್ಟರು. ಕೆಲವರು ಎರಡೂ ಲೀಟರನ್ನು ಒಂದೇ ಸಲಕ್ಕೆ ಕುಡಿದರು, ಉಳಿದವರು ಒಂದೊಂದು ಲೀಟರಿನಂತೆ ಎರಡು ಸಲಕ್ಕೆ ಕುಡಿದರು. ಕುಡಿಯುವ ಮುನ್ನ, ಕುಡಿದ ಮೇಲೆ, 14 ದಿನದ ನಂತರ ಮತ್ತು 28 ದಿನದ ನಂತರ ಮಲದ ಮಾದರಿಗಳನ್ನು ಪರೀಕ್ಷಿಸಿದರು.

ಕುಡಿದ ಕೂಡಲೇ ಬ್ಯಾಕ್ಟೀರಿಯಗಳ ಪ್ರಮಾಣ 31 ಪಟ್ಟು ಇಳಿದಿತ್ತು. 31 ರೂಪಾಯಿ ಇದ್ದವರ ಕೈಯಲ್ಲಿ 1 ರೂಪಾಯಿ ಉಳಿದ ಹಾಗೆ. ಇದು ಸಣ್ಣ ಇಳಿಕೆಯಲ್ಲ. ನೂರರಲ್ಲಿ 96ಕ್ಕಿಂತ ಹೆಚ್ಚು ಹೋದವು ಎಂದಾಯಿತು. ನಮ್ಮ ಕರುಳಿನ ಬ್ಯಾಕ್ಟೀರಿಯಗಳ ಕೂಟ ಒಬ್ಬೊಬ್ಬರಲ್ಲಿ ಒಂದೊಂದು ಥರ ಇರುತ್ತದೆ. ಹೆಬ್ಬೆರಳ ಗುರುತಿನ ಹಾಗೆ ಅದರಿಂದ ಇಂಥವರದೆಂದು ಹೇಳಬಹುದು. ಶೇಕಡ 22 ಜನರಲ್ಲಿ ಆ ಗುರುತೂ ಕಲಸಿಹೋಗಿತ್ತು. ಹಾಗಾದರೆ ತಾತನ ಭಯ ನಿಜವೇ ಎಂದು ಆ ಸಾಲು ಓದುವಾಗ ನನ್ನ ಎದೆಯೇ ಡವಗುಟ್ಟಿತು.

ಮುಂದಿನ ಸಾಲು ಓದಿದೆ. 14 ದಿನಗಳಲ್ಲಿ ಪ್ರಮಾಣವೂ, ಯಾವ ಬಗೆಯ ಬ್ಯಾಕ್ಟೀರಿಯ ಎಷ್ಟು ಎಂಬ ಹಂಚಿಕೆಯೂ ಬಹುಮಟ್ಟಿಗೆ ಮೊದಲಿನ ಸ್ಥಿತಿಗೆ ಬಂದಿದ್ದವು. ಇನ್ನೊಂದು ಮುಖ್ಯ ಮಾತೂ ಅಲ್ಲಿತ್ತು. ಎರಡು ಸಲಕ್ಕೆ ಕುಡಿದವರಲ್ಲಿ ಏರುಪೇರು ಕಡಿಮೆ. ಒಂದೇ ಸಲಕ್ಕೆ ಕುಡಿದವರಲ್ಲಿ ಏರುಪೇರು ಹೆಚ್ಚಾಗಿ, ಪ್ರೋಟಿಯೋಬ್ಯಾಕ್ಟೀರಿಯ ಎಂಬ ಗುಂಪು ಎದ್ದು ಕಾಣುವಷ್ಟು ಬೆಳೆದಿತ್ತು. ಈ. ಕೋಲೈ ಸೇರುವುದು ಇದೇ ಗುಂಪಿಗೆ. ಜೋರು ಮಳೆ ಮೇಲ್ಮಣ್ಣನ್ನು ಕೊಚ್ಚಿಕೊಂಡು ಹೋದ ಹೊಲದಲ್ಲಿ ಮೊದಲು ತಲೆ ಎತ್ತುವುದು ಕಳೆಯೇ ಅಲ್ಲವೇ, ಹಾಗೆ.

ಹೋದವು ಮರಳಿ ಬಂದದ್ದು ಎಲ್ಲಿಂದ? ಒಳಗೇ ಉಳಿದವುಗಳಿಂದ. ದೊಡ್ಡಕರುಳಿನ ಒಳಗೋಡೆಗೆ ಲೋಳೆಯ ಪದರವಿದೆ, ಗೋಡೆಯಲ್ಲಿ ಸಣ್ಣ ಸಣ್ಣ ಕುಳಿಗಳಿವೆ. ನೀರಿನ ಹರಿವು ಎಲ್ಲ ಮೂಲೆಯನ್ನೂ ತಲುಪುವುದಿಲ್ಲ. ಅಪೆಂಡಿಕ್ಸ್ ಕೂಡ ಇಂಥ ಒಂದು ಅಡಗುತಾಣ ಇರಬಹುದು ಎಂಬ ಊಹೆಯನ್ನು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 2007ರಲ್ಲಿ ಮುಂದಿಟ್ಟಿದ್ದಾರೆ.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿದೆ. ಸುಮಾರು 70 ಕಿಲೋ ತೂಕದ ಮನುಷ್ಯನ ದೇಹದಲ್ಲಿ 38 ಲಕ್ಷ ಕೋಟಿ ಬ್ಯಾಕ್ಟೀರಿಯಗಳಿವೆ ಎಂಬುದು 2016ರ ಒಂದು ಪ್ರಸಿದ್ಧ ಅಂದಾಜು. ನಮ್ಮದೇ ಜೀವಕೋಶಗಳು 30 ಲಕ್ಷ ಕೋಟಿ. ಬ್ಯಾಕ್ಟೀರಿಯಗಳಲ್ಲಿ ಹೆಚ್ಚಿನ ಪಾಲು ದೊಡ್ಡಕರುಳಿನಲ್ಲೇ ಇರುವುದು. 31ರಲ್ಲಿ ಒಂದು ಪಾಲು ಮಾತ್ರ ಉಳಿದರೂ ಒಂದು ಲಕ್ಷ ಕೋಟಿಗಿಂತ ಹೆಚ್ಚೇ ಆಯಿತು! ಲೆಕ್ಕ ಸ್ಥೂಲವಾದದ್ದು, ಆದರೆ ‘ಖಾಲಿ ಗಡಿಗೆ’ ಎಂಬ ನನ್ನ ಮಾತನ್ನು ಸುಳ್ಳು ಮಾಡಲು ಅಷ್ಟು ಸಾಕು. ಒಂದು ಬ್ಯಾಕ್ಟೀರಿಯ ಎರಡಾಗುತ್ತದೆ, ಎರಡು ನಾಲ್ಕು, ನಾಲ್ಕು ಎಂಟು, ಎಂಟು ಹದಿನಾರು, ಹದಿನಾರು ಮೂವತ್ತೆರಡು. 31 ಪಟ್ಟು ನಷ್ಟ ತುಂಬಲು ಐದು ಸಲ ಇಮ್ಮಡಿಯಾದರೆ ಸಾಕು.

ಈ ಲೆಕ್ಕ ಹಾಕಿ ಖುಷಿಯಾಗಿ ಕೂತಿದ್ದಾಗ ಇನ್ನೊಂದು ಅಧ್ಯಯನ ಸಿಕ್ಕಿತು. 2018ರಲ್ಲಿ ಕರೋಲಿನಾ ಟ್ರೋಪಿನಿ ಮತ್ತು ಸಂಗಡಿಗರು ‘ಸೆಲ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದು. ಇಲಿಗಳಿಗೆ ಕೆಲವು ದಿನ ಪಾಲಿಎಥಿಲೀನ್ ಗ್ಲೈಕಾಲ್ ಕುಡಿಸಿದರು. ಲೋಳೆಯ ಪದರ ತೆಳುವಾಗಿ, ನಿಲ್ಲಿಸಿದ ಮೇಲೆ ಮತ್ತೆ ಬೆಳೆಯಿತು. ಆದರೆ ಆ ಇಲಿಗಳಲ್ಲಿ ಹೇರಳವಾಗಿದ್ದ ಒಂದು ಬ್ಯಾಕ್ಟೀರಿಯ ಕುಟುಂಬ ಔಷಧ ನಿಲ್ಲಿಸಿದ ಮೇಲೂ ಮರಳಿ ಬರಲಿಲ್ಲ. ಆಗ ನನ್ನ ಲೆಕ್ಕದ ಕೊರತೆ ಗೊತ್ತಾಯಿತು. ಒಂದು ಉಳಿದರೆ ಇಮ್ಮಡಿಯಾಗುತ್ತಾ ಹೋಗುತ್ತದೆ. ಒಂದೂ ಉಳಿಯದಿದ್ದರೆ? ಸೊನ್ನೆಯನ್ನು ಎಷ್ಟು ಸಲ ಇಮ್ಮಡಿ ಮಾಡಿದರೂ ಸೊನ್ನೆಯೇ. ಹಾಗಾಗಿ ಒಟ್ಟು ಎಷ್ಟು ಮರಳಿತು ಎಂಬುದಷ್ಟೇ ಸಾಲದು, ಯಾರು ಯಾರು ಮರಳಿದರು ಎಂಬುದನ್ನೂ ನೋಡಬೇಕು. ಇಲಿಗಳು ದಿನಗಟ್ಟಲೆ ಕುಡಿದವು, ಮನುಷ್ಯರು ಒಂದು ರಾತ್ರಿ, ಒಂದು ಬೆಳಿಗ್ಗೆ ಕುಡಿಯುತ್ತಾರೆ. ಇಲಿಯಲ್ಲಿ ಕಂಡದ್ದನ್ನು ಹಾಗೇ ಮನುಷ್ಯನಿಗೆ ಹೊರಿಸಲಾಗದು. ಆದರೆ ‘ಏನೂ ಆಗುವುದೇ ಇಲ್ಲ’ ಎಂದು ಇನ್ನೊಂದು ತುದಿಗೆ ಜಿಗಿಯುವುದೂ ತಪ್ಪು ಎಂಬ ಎಚ್ಚರವನ್ನು ಈ ಇಲಿಗಳು ಕೊಟ್ಟವು.

ಮೂರನೆಯ ತಪ್ಪು ಮೊಸರಿನದು. ದೊಡ್ಡಕರುಳಿನಲ್ಲಿರುವ ಬ್ಯಾಕ್ಟೀರಿಯಗಳಲ್ಲಿ ಹೆಚ್ಚಿನವು ಆಮ್ಲಜನಕ ಇಲ್ಲದ ಕಡೆ ಬದುಕುವಂಥವು. ಅವು ಮೊಸರಿನಲ್ಲಿ ಇರುವುದಿಲ್ಲ. ಮೊಸರು ಒಳ್ಳೆಯ ಆಹಾರ, ನಿಜ. ಆದರೆ ಹೋದವರ ಜಾಗಕ್ಕೆ ಅದೇ ಬಂದು ಕೂರುತ್ತದೆ ಎನ್ನುವುದು ಸರಿಯಲ್ಲ. ಉಳಿದವು ಬೆಳೆಯಲು ಬೇಕಾದ ಮೇವು ಬೇರೆ. ನಾವು ಜೀರ್ಣಿಸಿಕೊಳ್ಳಲಾಗದೆ ದೊಡ್ಡಕರುಳಿಗೆ ಇಳಿಯುವ ನಾರು. ಬ್ಯಾಕ್ಟೀರಿಯಗಳು ಅದನ್ನು ಹುದುಗಿಸಿ ಬ್ಯುಟಿರೇಟ್‌ನಂಥ ಆಮ್ಲಗಳನ್ನು ಮಾಡುತ್ತವೆ. ಕರುಳಿನ ಗೋಡೆಯ ಕೋಶಗಳಿಗೆ ಅದೇ ಆಹಾರ. ಪರೀಕ್ಷೆಗೆ ಮುಂಚೆ ರಾಗಿ, ಸೊಪ್ಪು, ಕಾಳು ಬೇಡ ಎಂದು ಅಪ್ಪನಿಗೆ ಹೇಳಿದ್ದು ನಾರು ಕರುಳಿನಲ್ಲಿ ಉಳಿಯಬಾರದೆಂದು. ಪರೀಕ್ಷೆಯಾದ ಮೇಲೆ ಡಾಕ್ಟರು ಊಟ ಮಾಡಬಹುದು ಎಂದಾಗ ಅದೇ ರಾಗಿ, ನವಣೆ, ಹುರುಳಿ ಮತ್ತೆ ಈ ಮಿತ್ರರ ಮೇವಾಗುತ್ತದೆ.

ತಾತನ ಮನೆಯಲ್ಲಿ

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಸಹಪಾಠಿಯನ್ನು ಕರೆದುಕೊಂಡು ಆ ಮನೆಗೆ ಹೋದೆ. ತಾತ ಜಗುಲಿಯ ಮೇಲೆ ಬಿತ್ತನೆಗೆ ಎತ್ತಿಟ್ಟ ಶೇಂಗಾ ಆರಿಸುತ್ತಾ ಕೂತಿದ್ದರು. ಹುಡುಗಿ ಬಾಗಿಲ ಹಿಂದೆ ನಿಂತಳು.

‘ಬಾ ತಾಯಿ, ಕೂತ್ಕ. ನೀನೇನಾ ಹೊಟ್ಟೆ ಪಾಠ ಮಾಡಿದ ಮೇಡಮ್ಮ?’

‘ನಾನೇ ತಾತ. ತಪ್ಪು ಪಾಠ ಮಾಡಿದ್ದೆ. ಅದನ್ನೇ ಹೇಳಾಕೆ ಬಂದೆ.’

ತಾತ ಆರಿಸುವುದನ್ನು ನಿಲ್ಲಿಸಲಿಲ್ಲ. ನಾನು ಹೇಳುತ್ತಾ ಹೋದೆ. ಔಷಧ ಕೊಲ್ಲುವುದಿಲ್ಲ, ತೊಳೆಯುತ್ತದೆ. ಬಹಳಷ್ಟು ಹೋಗುತ್ತವೆ, ಆದರೆ ಮೂಲೆಮುಡುಕಿನಲ್ಲಿ ಉಳಿದವು ಎರಡು ವಾರದೊಳಗೆ ಮತ್ತೆ ಬೆಳೆದು ಬಹುಮಟ್ಟಿಗೆ ಮೊದಲಿನಂತಾಗುತ್ತವೆ. ಎರಡು ಸಲಕ್ಕೆ ಹಂಚಿ ಕುಡಿದರೆ ತೊಂದರೆ ಇನ್ನೂ ಕಡಿಮೆ. ಹೇಗೆ ಕುಡಿಯಬೇಕೆಂದು ಡಾಕ್ಟರನ್ನೇ ಕೇಳಿ.

ಅವರು ಕೈಯಲ್ಲಿದ್ದ ಕಾಳನ್ನು ನೋಡಿ ಅಂದರು: ‘ಬರಗಾಲದಾಗೆ ಮನೆ ಮಂದಿ ಹಸ್ಕಂಡಿದ್ರೂ ಬಿತ್ತನೆ ಕಾಳು ಮಾತ್ರ ಮುಟ್ತಿರಲಿಲ್ಲ. ಅದು ಇದ್ರೆ ಹೊಲ ಮತ್ತೆ ಎದ್ದೇಳ್ತೈತೆ. ಹಂಗಂತೀಯ?’

‘ಹಂಗೇ ತಾತ.’

‘ನಾನು ಹುಡುಗ ಆಗಿದ್ದಾಗ ನಮ್ಮವ್ವ ಹರಳೆಣ್ಣೆ ಕುಡಿಸೋಳು. ಮೂಗು ಹಿಡ್ದು ಬಾಯಾಗೆ ಹೊಯ್ಯೋಳು. ದಿನವೆಲ್ಲ ಬೇಲಿ ಕಡೆ ಓಡಾಟ. ಮಾರನೇ ದಿನ ಗಂಜಿ. ಅದರ ಮಾರನೇ ದಿನ ಮುದ್ದೆ. ಏನೂ ಆಗ್ಲಿಲ್ಲ.’

ನಾನು ಓದಿಕೊಂಡು ಬಂದ ಅರ್ಧ ಪಾಠ ಅವರಿಗೆ ಅನುಭವದಿಂದಲೇ ಗೊತ್ತಿತ್ತು. ಹರಳೆಣ್ಣೆ ಕೆಲಸ ಮಾಡುವ ಬಗೆ ಬೇರೆ. ಅದು ಕರುಳನ್ನು ಕೆರಳಿಸಿ ತಳ್ಳಿಸುತ್ತದೆ. ಆದರೂ ಹೊಟ್ಟೆ ತೊಳೆದರೆ ಮನುಷ್ಯ ಕೆಟ್ಟುಹೋಗುವುದಿಲ್ಲ ಎಂಬುದು ಅವರಿಗೆ ಹೊಸದಾಗಿರಲಿಲ್ಲ. ಹಾಗಾದರೆ ಹೋಗಲೊಲ್ಲೆ ಎಂದದ್ದೇಕೆ? ನಾನು ಕೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ಕೂತೆವು. ಆಮೇಲೆ ಅವರೇ ದನಿ ತಗ್ಗಿಸಿ ಹೇಳಿದರು:

‘ಆ ಹುಳ ಹೋದ್ರೆ ಹೋಗ್ಲಿ ಬಿಡು ತಾಯಿ. ನನಗಿರೋ ಭಯ ಅದಲ್ಲ. ನಮ್ ಅಣ್ಣಗೂ ಹಿಂಗೇ ರಕ್ತ ಬೀಳ್ತಿತ್ತು. ದೊಡ್ಡಾಸ್ಪತ್ರೆಗೆ ಹೋದ. ಹೋದ ಮ್ಯಾಲೆ ಬಾಳ ದಿನ ಉಳೀಲಿಲ್ಲ. ಒಳಗೆ ಏನೈತೋ ನೋಡ್ಬ್ಯಾಡ್ರಿ ಅಂತ ನಾನು. ಹಂಗಂದ್ರೆ ಮಗ ಕೇಳಲ್ಲ. ನಿನ್ ಪಾಠ ಒಳ್ಳೇ ನೆಪ ಆತು.’

ಬಾಗಿಲ ಹಿಂದೆ ಹುಡುಗಿ ಕೇಳಿಸಿಕೊಳ್ಳುತ್ತಿದ್ದಳು. ನನಗೆ ಏನು ಹೇಳಬೇಕೋ ತೋಚಲಿಲ್ಲ. ಗೊತ್ತಿದ್ದಷ್ಟನ್ನು ಹೇಳಿದೆ. ರಕ್ತ ಬೀಳುವುದಕ್ಕೆ ಮೂಲವ್ಯಾಧಿಯಿಂದ ಹಿಡಿದು ಹಲವು ಕಾರಣಗಳಿರುತ್ತವೆ, ನೋಡದೆ ಯಾವುದೆಂದು ಹೇಳಲಾಗದು. ದೊಡ್ಡಕರುಳಿನಲ್ಲಿ ಪಾಲಿಪ್ ಎಂಬ ಪುಟ್ಟ ಗಂಟುಗಳಾಗುತ್ತವೆ. ಅವುಗಳಲ್ಲಿ ಕೆಲವು ವರ್ಷಗಳು ಕಳೆದ ಮೇಲೆ ಕ್ಯಾನ್ಸರ್ ಆಗಬಹುದು. ಹಾಗಾಗುವ ಮೊದಲೇ ಕಂಡರೆ ಆ ಪರೀಕ್ಷೆಯಲ್ಲೇ ಹೆಚ್ಚಿನವನ್ನು ತೆಗೆದುಬಿಡುತ್ತಾರೆ. ನಮ್ಮ ಅಪ್ಪ ಕೂಡ ಹೆದರಿದ್ದ, ಏನೂ ಇರಲಿಲ್ಲ ಎಂದು ಗೊತ್ತಾದ ರಾತ್ರಿ ಮೂರು ಮುದ್ದೆ ಉಂಡ. ಇಷ್ಟು ಹೇಳಿ, ‘ಮುಂದಿನದು ನೀವು, ನಿಮ್ಮ ಮಗ, ಡಾಕ್ಟ್ರು ಕೂತು ಮಾತಾಡಿ ತಾತ’ ಎಂದೆ.

ಅವರು ಹೋಗುತ್ತೇನೆ ಎನ್ನಲಿಲ್ಲ, ಹೋಗುವುದಿಲ್ಲ ಎಂದೂ ಅನ್ನಲಿಲ್ಲ. ಮಜ್ಜಿಗೆ ಕೊಡಿಸಿದರು. ಹೊರಡುವಾಗ ಒಂದು ಹಿಡಿ ಶೇಂಗಾ ಕೈಗೆ ಹಾಕಿದರು.

ಮತ್ತೆ ಅದೇ ಪಾಠ

ಸೋಮವಾರ ಅದೇ ಪಾಠವನ್ನು ಎರಡನೆಯ ಸಲ ತೆಗೆದುಕೊಂಡೆ. ‘ಕಳೆದ ವಾರ ನಾನು ಮೂರು ತಪ್ಪು ಹೇಳಿದ್ದೆ. ಇವತ್ತು ಅವನ್ನು ನೀವೇ ಹಿಡಿಯಬೇಕು’ ಎಂದು ಶುರುಮಾಡಿದೆ. ಹುಡುಗಿಯ ಮನೆಯ ವಿಷಯ ತರಗತಿಯಲ್ಲಿ ಎತ್ತಲಿಲ್ಲ. ನನ್ನ ಹಳೆಯ ವಾಕ್ಯವನ್ನು ಕಪ್ಪುಹಲಗೆಯ ಮೇಲೆ ಇದ್ದಂತೆ ಬರೆದೆ.

ಮೊಸರು ಹೆಪ್ಪುಗಟ್ಟಿದ್ದ ಮೂರು ಸ್ಟೀಲ್ ಲೋಟಗಳನ್ನು ತಂದಿದ್ದೆ. ಮೊದಲನೆಯದನ್ನು ಸೋಪು ಹಾಕಿ ಉಜ್ಜಿ, ಕುದಿಯುವ ನೀರು ಹೊಯ್ದು ತೊಳೆದೆವು. ಎರಡನೆಯದರ ಮೊಸರು ಚೆಲ್ಲಿ, ಉಜ್ಜದೆ, ಬರೀ ನೀರಿನಲ್ಲಿ ಮೂರು ಸಲ ಗಲಬರಿಸಿದೆವು. ಮೂರನೆಯದರಲ್ಲಿ ಒಂದು ಚಮಚ ಮೊಸರು ಬಿಟ್ಟೆವು. ಮೂರಕ್ಕೂ ಕಾಯಿಸಿ ಆರಿಸಿದ ಉಗುರುಬೆಚ್ಚಗಿನ ಹಾಲು ಹೊಯ್ದು ಮುಚ್ಚಿಟ್ಟೆವು. ಏನಾಗಬಹುದೆಂದು ಮಕ್ಕಳು ಊಹೆಗಳನ್ನು ಬರೆದರು.

ಮಾರನೆಯ ಬೆಳಿಗ್ಗೆ ಮೂರನೆಯ ಲೋಟದಲ್ಲಿ ಗಟ್ಟಿ ಮೊಸರು. ಎರಡನೆಯದರಲ್ಲಿ ತೆಳ್ಳಗೆ, ಆದರೆ ಮೊಸರೇ. ಕಣ್ಣಿಗೆ ಚೊಕ್ಕವಾಗಿ ಕಂಡಿದ್ದ ಲೋಟದ ಗೋಡೆಯಲ್ಲಿ ಹೆಪ್ಪು ಉಳಿದಿತ್ತು. ಮೊದಲನೆಯದು ಹಾಲಾಗಿಯೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಅದು ಕೆಟ್ಟ ವಾಸನೆ ಹೊಡೆಯಿತು. ‘ಹೆಪ್ಪು ಇಲ್ಲದ ಮನೆಗೆ ಯಾರೋ ಬಂದು ಸೇರ್ಕಂಡವ್ರೆ ಮಿಸ್’ ಎಂದು ಒಬ್ಬ ಹುಡುಗ ಹೇಳಿದ. ನನ್ನ ಪಾಠಯೋಜನೆಯಲ್ಲಿ ಆ ಅಂಶ ಇರಲಿಲ್ಲ. ಮಗುವೇ ಸೇರಿಸಿತು.

ಹೊಟ್ಟೆ ತೊಳೆಯುವ ಔಷಧ ಯಾವ ಲೋಟದ ಹಾಗೆ ಎಂದು ಕೇಳಿದೆ. ಎರಡನೆಯದು ಎಂದರು. ಹೋಲಿಕೆ ಎಲ್ಲಿ ಮುರಿಯುತ್ತದೆ ಎಂದೂ ಕೇಳಿದೆ. ಲೋಟದಲ್ಲಿ ಒಂದೆರಡು ಬಗೆಯ ಬ್ಯಾಕ್ಟೀರಿಯ, ಕರುಳಿನಲ್ಲಿ ನೂರಾರು ಬಗೆ. ಲೋಟದ ಗೋಡೆಗೆ ಜೀವವಿಲ್ಲ, ಕರುಳಿನ ಗೋಡೆ ತಾನೇ ಲೋಳೆ ಹೊಸೆಯುತ್ತದೆ. ಆಮೇಲೆ 1, 2, 4, 8, 16, 32 ಎಂದು ಬರೆಸಿ, ಪಕ್ಕದಲ್ಲಿ 0, 0, 0 ಎಂದು ಬರೆಸಿದೆ. ಎರಡು ಸಾಲಿಗೂ ವ್ಯತ್ಯಾಸವೇನೆಂದು ಅವರೇ ವಿವರಿಸಿದರು. ಕೊನೆಗೆ ಹಳೆಯ ವಾಕ್ಯವನ್ನು ಒಬ್ಬಳು ಬಂದು ತಿದ್ದಿದಳು. ‘ಎಲ್ಲಾ’ ಹೊಡೆದು ‘ಬಹಳಷ್ಟು’, ‘ಸತ್ತು’ ಹೊಡೆದು ‘ಕೊಚ್ಚಿ’. ‘ಮೊಸರು ತಿಂದು ತುಂಬಿಸಿಕೊಳ್ಳಬೇಕು’ ಎಂಬುದನ್ನು ಪೂರ್ತಿ ಅಳಿಸಿ ‘ಉಳಿದವು ಬೆಳೆಯುತ್ತವೆ’ ಎಂದು ಬರೆದಳು. ಬರೆದವಳು ಅದೇ ಹುಡುಗಿ.

ಮುಂದಿನ ತಂಡಕ್ಕೆ

ಈ ಅನುಭವದಿಂದ ನಾನು ನನ್ನ ಪಾಠಯೋಜನೆಯ ನಮೂನೆಯಲ್ಲೇ ಒಂದು ಅಂಕಣ ಹೆಚ್ಚಿಸಿಕೊಂಡಿದ್ದೇನೆ: ‘ಇದು ನನಗೆ ಹೇಗೆ ಗೊತ್ತು?’ ಪಠ್ಯಪುಸ್ತಕದಿಂದಲೋ, ಅಧ್ಯಯನದಿಂದಲೋ, ನಾನೇ ಕಂಡದ್ದೋ, ಬರೀ ಊಹೆಯೋ? ಊಹೆಯಾದರೆ ಪಾಠದಿಂದ ತೆಗೆಯುತ್ತೇನೆ. ‘ಎಲ್ಲಾ’, ‘ಯಾವಾಗಲೂ’, ‘ಪೂರ್ತಿ’ ಎಂಬ ಪದಗಳು ಬಂದರೆ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತೇನೆ. ಸ್ವಂತ ಮನೆಯ ಕಥೆ ಹೇಳುವಾಗ ಇನ್ನೂ ಹೆಚ್ಚು ಎಚ್ಚರ ಬೇಕು. ಅದನ್ನು ಮಕ್ಕಳು ಪಠ್ಯಕ್ಕಿಂತ ಬೇಗ ನಂಬುತ್ತಾರೆ, ಪಠ್ಯಕ್ಕಿಂತ ಚೆನ್ನಾಗಿ ಮನೆಗೆ ಒಯ್ಯುತ್ತಾರೆ.

ಆರೋಗ್ಯದ ಪಾಠ ಮಾಡುವವರಿಗೆ ಇನ್ನೊಂದು ಮಾತು. ಕೇಳುವ ನಲವತ್ತು ಮಕ್ಕಳ ಹಿಂದೆ ನಲವತ್ತು ಮನೆಗಳಿವೆ. ಅಲ್ಲಿ ಯಾವುದೋ ಮನೆಯಲ್ಲಿ ಯಾರೋ ಆಸ್ಪತ್ರೆಗೆ ಹೋಗಲೋ ಬೇಡವೋ ಎಂದು ತೂಗುತ್ತಾ ಕೂತಿರುತ್ತಾರೆ. ಭಯಕ್ಕೆ ನೆಪ ಬೇಕಿರುತ್ತದೆ. ನಮ್ಮ ಅರ್ಧ ಸತ್ಯ ಆ ನೆಪವಾಗಬಾರದು.

ಬೋಧನಾಭ್ಯಾಸದ ಕೊನೆಯ ವಾರ ಆ ಹುಡುಗಿ ಮತ್ತೆ ಸಿಬ್ಬಂದಿ ಕೊಠಡಿಯ ಬಾಗಿಲಿಗೆ ಬಂದಳು. ಈ ಸಲ ಕರೆಯುವ ಮೊದಲೇ ಒಳಗೆ ಬಂದಳು.

‘ಮಿಸ್, ತಾತ ಹೋಗಿ ಬಂದ. ರಾತ್ರಿ ಅರ್ಧ, ಬೆಳಿಗ್ಗೆ ಅರ್ಧ ಕುಡಿಸಿದ್ರಂತೆ. ಒಂದು ಗಂಟು ಇತ್ತಂತೆ, ತೆಗೆದವ್ರೆ. ಅದನ್ನ ಪರೀಕ್ಷೆಗೆ ಕಳಿಸವ್ರೆ.’

‘ತಾತ ಏನಂದ್ರು?’

‘ಹರಳೆಣ್ಣೆಗಿಂತ ಇದೇ ವಾಸಿ ಅಂದ.’

ನಾವು ರಾಂಪುರ ಬಿಡುವಾಗ ಆ ವರದಿ ಇನ್ನೂ ಬಂದಿರಲಿಲ್ಲ. ಏನು ಬಂದರೂ ಅದನ್ನು ತಾತ, ಅವರ ಮಗ, ಡಾಕ್ಟರು ಕೂತು ನೋಡುತ್ತಾರೆ. ನಾನು ತಿದ್ದಬೇಕಾಗಿದ್ದ ವಾಕ್ಯವನ್ನು ತಿದ್ದಿ ಬಂದಿದ್ದೇನೆ.